ನಮ್ಮ ಸೊಪ್ಪು ಇನ್ನು ಬೇರೆ ಹೊಲಗಳಿಂದ: ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ, ನಮಸ್ಕಾರ.

ಕಾರ್ಖಾನೆ ಹೊಗೆ ಬೀಸುವ ದಿಕ್ಕಿನಲ್ಲಿರುವ ಹೊಲಗಳ ಪಾಲಕ್, ಲೆಟ್ಯೂಸ್ ಮುಂದಿನ ತಿಂಗಳಿಂದ ನಮ್ಮ ಬುಟ್ಟಿಯಲ್ಲಿ ಇರುವುದಿಲ್ಲ. ಸೊಪ್ಪೆಲ್ಲ ದೂರದ ಹೊಲಗಳಿಂದ ಬರುತ್ತದೆ. ಹಾಗಂತ ಆ ರೈತರನ್ನು ಕೈಬಿಟ್ಟಿಲ್ಲ, ಅವರೂ ಸಂಘದ ಸದಸ್ಯರೇ. ಅಲ್ಲಿ ಈಗ ಮೆಕ್ಕೆಜೋಳ ಹಾಕುತ್ತಿದ್ದಾರೆ. ಅದನ್ನು ನಾವೇ ಕೊಳ್ಳುತ್ತೇವೆ.

"ಸೊಪ್ಪು ಹಸಿರಾಗೇ ಇದೆಯಲ್ಲ, ತೊಳೆದು ತಿಂದರಾಯ್ತು" ಎಂದು ಕೆಲವರು ಹೇಳಿದ್ದೀರಿ. ಮೇಲೆ ಕೂತ ದೂಳಿನ ಮಟ್ಟಿಗೆ ಅದು ಬಹುಪಾಲು ಸರಿ. ಲೋಹ ಕರಗಿಸುವ ಕುಲುಮೆಗಳ ದೂಳಿನಲ್ಲಿ ಸೀಸ, ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹಗಳು ಇರುತ್ತವೆ. ಎಲೆಗೆ ಅಂಟಿದ ಸೀಸ ಚೆನ್ನಾಗಿ ತೊಳೆದರೆ ಸುಮಾರಾಗಿ ಹೋಗುತ್ತದೆ. ಕ್ಯಾಡ್ಮಿಯಂ ಹಾಗಲ್ಲ. ಅದು ಮಣ್ಣಿಗಿಳಿದು, ಬೇರಿನಿಂದ ಎಲೆಗೆ ಏರುತ್ತದೆ. ಒಳಗೆ ಸೇರಿದ್ದನ್ನು ಎಷ್ಟು ನೀರು ಹಾಕಿ ತೊಳೆದರೂ ತೆಗೆಯಲಾಗದು. ಮಣ್ಣು ಹುಳಿಯಾದಷ್ಟೂ ಗಿಡ ಅದನ್ನು ಜಾಸ್ತಿ ಎಳೆದುಕೊಳ್ಳುತ್ತದೆ. ಕಲ್ಲಿದ್ದಲು ಸುಟ್ಟಾಗ ಬರುವ ಗಂಧಕದ ಡೈಆಕ್ಸೈಡ್ ಮಣ್ಣನ್ನು ಹುಳಿ ಮಾಡುವುದೂ ಹೌದು. ಎಲೆ ತರಕಾರಿಗಳಲ್ಲಿ ಕ್ಯಾಡ್ಮಿಯಂ ಹೆಚ್ಚು ಕೂರುತ್ತದೆ, ಮೆಕ್ಕೆಜೋಳದ ಕಾಳಿಗೆ ಹೋಗುವುದು ತೀರಾ ಕಮ್ಮಿ. ಬೆಳೆ ಬದಲಿಸಿದ್ದು ಮುಖ್ಯವಾಗಿ ಇದಕ್ಕೇ.

ಅದೇ ಗಂಧಕದ ಅನಿಲ ಎಲೆ ಉಸಿರಾಡುವ ಸಣ್ಣ ರಂಧ್ರಗಳಿಂದ ನೇರವಾಗಿಯೂ ಒಳಗೆ ಹೋಗುತ್ತದೆ. ಆಗ ನರಗಳು ಹಸಿರಾಗೇ ಉಳಿದು, ನಡುವಿನ ಭಾಗ ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಒಣಗುತ್ತದೆ. ಪಾಲಕ್, ಲೆಟ್ಯೂಸ್ ಎರಡಕ್ಕೂ ಇದನ್ನು ತಡೆಯುವ ಶಕ್ತಿ ಕಡಿಮೆ. ಹೊಗೆಯಲ್ಲಿ ಫ್ಲೋರೈಡ್ ಇದ್ದರೆ ಅದು ಎಲೆಯ ತುದಿ, ಅಂಚಿನಲ್ಲಿ ಸೇರಿ ಅಲ್ಲಿ ಸುಡುತ್ತದೆ. ನೋಡಿದವರು ನೀರು ಸಾಲದೆ ಒಣಗಿದೆ ಅಂದುಕೊಳ್ಳುತ್ತಾರೆ. ಪಾಪ, ರೈತ ಸುಮ್ನೆ ಬೈಸಿಕೊಳ್ಳುತ್ತಾನೆ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇವೆ. ದೂರದ ಹೊಲದ ಎಲೆಗಳಲ್ಲೂ ಕೆಲವೊಮ್ಮೆ ಸಣ್ಣ ಚುಕ್ಕೆಗಳು ಕಾಣಬಹುದು. ರೋಗವೋ ಹುಳುವೋ ಇದ್ದರೆ ಅಂಥ ಎಲೆಯನ್ನು ನಾವೇ ಆರಿಸಿ ತೆಗೆಯುತ್ತೇವೆ. ಉಳಿದದ್ದು ಹೆಚ್ಚಾಗಿ ಓಝೋನ್ ಎಂಬ ಅನಿಲದ ಕೆಲಸ. ಓಝೋನ್ ಚಿಮಣಿಯಿಂದ ನೇರ ಬರುವುದಿಲ್ಲ. ಸುಟ್ಟ ಇಂಧನದ ನೈಟ್ರೋಜನ್ ಆಕ್ಸೈಡ್‌ಗಳು, ದ್ರಾವಕಗಳ ಆವಿ ಇವೆಲ್ಲ ಬಿಸಿಲಲ್ಲಿ ಸೇರಿದಾಗ ಅದು ಹುಟ್ಟುತ್ತದೆ. ಅದಕ್ಕೇ ಕೆಲವು ಸಲ ಕಾರ್ಖಾನೆ ಪಕ್ಕಕ್ಕಿಂತ ದೂರದಲ್ಲೇ ಜಾಸ್ತಿ ಇರುತ್ತದೆ. ಹಳೆಯ ಎಲೆಗಳ ಮೇಲ್ಭಾಗದಲ್ಲಿ ಚುಕ್ಕೆ ಬೀಳಿಸುತ್ತದೆ, ಇಳುವರಿಯನ್ನೂ ತಗ್ಗಿಸುತ್ತದೆ. ಆದರೆ ಎಲೆಯಲ್ಲಿ ಓಝೋನ್ ಉಳಿಯುವುದಿಲ್ಲ. ಹಾಗಾಗಿ ಈ ಚುಕ್ಕೆಯ ಸೊಪ್ಪನ್ನು ನಾವು ಮಾರುತ್ತೇವೆ. ನೋಡಲು ಅಷ್ಟು ಚೆಂದ ಇರಲ್ಲ, ಅಷ್ಟೇ.

ಮೊದಲ ಕೆಲವು ವಾರ ಸೊಪ್ಪು ಕಮ್ಮಿ ಬರಬಹುದು. ಮುಂಗಡ ಕೊಟ್ಟಿರುವವರು ಅದರ ಬದಲು ಬೇರೆ ತರಕಾರಿ ತೆಗೆದುಕೊಳ್ಳಬಹುದು, ಬೇಡವಾದರೆ ಹಣ ವಾಪಸ್ ಪಡೆಯಬಹುದು. ಬುಟ್ಟಿ ತರುವವರಿಗೆ ಹೇಳಿದರೆ ಸಾಕು.

ಇಂತಿ,
ಸಂಘದ ಪರವಾಗಿ, ಕಾರ್ಯದರ್ಶಿ