ಸಚಿವರೇ, ಗ್ಯಾಸಿಗೆ ಹೂಂ ಅಂದವರು ಯಾರು ಅಂತ ಹೆಸರು ಹಿಡಿದು ಹೇಳಿ

ಕೆನಡಾದ ಇಂಧನ ಸಚಿವ ಟಿಮ್ ಹಾಡ್ಜ್‌ಸನ್ ಅವರಿಗೆ,

ನಮಸ್ಕಾರ. ಬ್ರಿಟಿಷ್ ಕೊಲಂಬಿಯಾದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ನಾನೂ ಒಬ್ಬ. ಎಲ್‌ಎನ್‌ಜಿ (ತಣ್ಣಗಾಗಿಸಿ ದ್ರವ ಮಾಡಿದ ನೈಸರ್ಗಿಕ ಅನಿಲ) ರಫ್ತು ಹೆಚ್ಚಿಸಬೇಕು ಅನ್ನುವ ಮಾತು ಬಂದಾಗಲೆಲ್ಲ "ಮೂಲನಿವಾಸಿಗಳ ಬೆಂಬಲ ಇದೆ" ಅನ್ನುವ ಸಾಲು ಬಂದೇ ಬರುತ್ತದೆ. ಸುಳ್ಳೇನಲ್ಲ. ಆದರೆ ಯಾರದ್ದು, ಯಾಕೆ ಅಂತ ಬಿಡಿಸಿ ಹೇಳುವವರು ಕಡಿಮೆ.

ನಮ್ಮ ಪ್ರಾಂತ್ಯದ ಕರಾವಳಿಯ ಕಿಟಿಮಾಟ್‌ನ ಮೂಲನಿವಾಸಿಗಳಾದ ಹೈಸ್ಲಾ ಜನರನ್ನೇ ನೋಡಿ. 1950ರ ದಶಕದಲ್ಲಿ ಅವರ ನೆಲಕ್ಕೆ ಅಲ್ಯೂಮಿನಿಯಂ ಕಾರ್ಖಾನೆ ಬಂತು, ಆಮೇಲೆ ಕಾಗದದ ತಿರುಳಿನ ಕಾರ್ಖಾನೆ. ಲಾಭ ಬೇರೆಯವರಿಗೆ, ಹೊಲಸು ನದಿಗೆ. ಆ ನದಿಗೆ ಊಲಿಕನ್ ಅಂತ ಗೇಣುದ್ದದ ಮೀನು ಬರುತ್ತಿತ್ತು, ಒಣಗಿಸಿ ಹಚ್ಚಿದರೆ ಮೇಣದಬತ್ತಿಯಾಗಿ ಉರಿಯುವಷ್ಟು ಜಿಡ್ಡು ಅದರಲ್ಲಿ. ಅದನ್ನು ಕಾಯಿಸಿ ಎಣ್ಣೆ ತೆಗೆದಿಟ್ಟುಕೊಳ್ಳುತ್ತಿದ್ದರು. ಕಾರ್ಖಾನೆಯ ನೀರು ಸೇರಿ ಆ ಮೀನು ಬಾಯಿಗಿಡದ ಹಾಗಾಯಿತು.

ಈಗ ಅಲ್ಲೇ ಬರುತ್ತಿರುವ ಸೀಡರ್ ಎಲ್‌ಎನ್‌ಜಿ ರಫ್ತು ಯೋಜನೆಯ ಹೆಚ್ಚಿನ ಪಾಲು ಇದೇ ಹೈಸ್ಲಾ ಜನರದ್ದು, ಉಳಿದದ್ದು ಪೆಂಬಿನಾ ಕಂಪನಿಯದ್ದು. ವರ್ಷಕ್ಕೆ ಸುಮಾರು 33 ಲಕ್ಷ ಟನ್, ನೀರ ಮೇಲೆ ತೇಲುವ ಸ್ಥಾವರ, ಡೀಸೆಲ್ಲೂ ಅಲ್ಲ ಗ್ಯಾಸೂ ಅಲ್ಲ, ಜಲವಿದ್ಯುತ್ತಿನಿಂದ ಓಡುವಂಥದ್ದು. 2024ರ ಜೂನ್‌ನಲ್ಲಿ ದುಡ್ಡು ಹಾಕುವ ಕೊನೆಯ ತೀರ್ಮಾನ ಆಯಿತು. ಅವರು ಹೂಂ ಅಂದಿದ್ದು ಗ್ಯಾಸಿನ ಮೇಲಿನ ಪ್ರೀತಿಗಲ್ಲ, ಈ ಸಲ ಯಜಮಾನಿಕೆ ತಮ್ಮ ಕೈಲಿದೆ ಅಂತ. ಸುಮ್ನೆ ಕೊಟ್ಟ ಒಪ್ಪಿಗೆ ಅಲ್ಲ ಅದು.

ಇನ್ನೊಂದು ಕಡೆಯೂ ಇದೆ ಸ್ವಾಮಿ. 2015ರಲ್ಲಿ ಮಲೇಷ್ಯಾದ ಪೆಟ್ರೋನಾಸ್ ಕಂಪನಿ ಲೆಲು ದ್ವೀಪದ ಎಲ್‌ಎನ್‌ಜಿ ಯೋಜನೆಗೆ ನೂರು ಕೋಟಿ ಡಾಲರಿಗೂ ಜಾಸ್ತಿ ಕೊಡ್ತೀವಿ ಅಂದರೂ ಅಲ್ಲಿನ ಮೂಲನಿವಾಸಿಗಳಾದ ಲಾಕ್ಸ್ ಕ್ವಲಾಮ್ಸ್ ಜನ ಒಲ್ಲೆ ಅಂದರು, ಯಾಕೆಂದರೆ ಪಕ್ಕದಲ್ಲೇ ಸ್ಕೀನಾ ನದಿಯ ಸಾಲ್ಮನ್ ಮರಿಗಳು ಬೆಳೆಯುವ ಜಾಗ. (ನಮ್ಮ ಇಂಡಿಯನ್ ಆಯಿಲ್‌ಗೂ ಅದರಲ್ಲಿ ಶೇ. 10 ಪಾಲಿತ್ತು. 2017ರಲ್ಲಿ ಯೋಜನೆಯೇ ರದ್ದಾಯಿತು.) ಈಗ ನಿಸ್ಗಾ ಮೂಲನಿವಾಸಿಗಳು ಪಾಲುದಾರರಾಗಿರುವ ಕ್ಸಿ ಲಿಸಿಮ್ಸ್ ಎಲ್‌ಎನ್‌ಜಿ ಯೋಜನೆಗೆ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿದೆ, ಅದಕ್ಕೂ ನೆರೆಯ ಇದೇ ಲಾಕ್ಸ್ ಕ್ವಲಾಮ್ಸ್ ಜನರ ಆಕ್ಷೇಪ ಇದೆ.

ಕೋಸ್ಟಲ್ ಗ್ಯಾಸ್‌ಲಿಂಕ್ ಕಥೆ ನಿಮಗೆ ಗೊತ್ತೇ ಇದೆ. ಕಿಟಿಮಾಟ್‌ಗೆ ಗ್ಯಾಸ್ ತರುವ ಆ 670 ಕಿ.ಮೀ. ಕೊಳವೆಗೆ ದಾರಿಯುದ್ದಕ್ಕೂ ಮೂಲನಿವಾಸಿಗಳ 20 ಚುನಾಯಿತ ಮಂಡಳಿಗಳು ಸಹಿ ಹಾಕಿದವು, ವೆಟ್‌ಸುವೆಟೆನ್ ಜನರ ವಂಶಪಾರಂಪರ್ಯ ಮುಖಂಡರು ಹಾಕಲಿಲ್ಲ. ಆ ಮುಖಂಡರ ಬೆಂಬಲಕ್ಕೆ ಜನ ಹಳಿ ತಡೆದು, 2020ರಲ್ಲಿ ದೇಶದ ಉದ್ದಗಲಕ್ಕೂ ರೈಲು ನಿಂತವು. ಚುನಾಯಿತ ಮಂಡಳಿ ಅನ್ನುವ ಏರ್ಪಾಡು ಒಟ್ಟಾವದ ಕೇಂದ್ರ ಸರ್ಕಾರ ಮೂಲನಿವಾಸಿಗಳಿಗಾಗಿ ತಂದ ಇಂಡಿಯನ್ ಕಾಯ್ದೆಯಿಂದ ಬಂದದ್ದು. ನೆಲದ ಹಕ್ಕಿಗಾಗಿ ಸುಪ್ರೀಂ ಕೋರ್ಟ್ ತನಕ ಹೋಗಿ ಮೂಲನಿವಾಸಿಗಳ ನೆಲದ ಹಕ್ಕನ್ನು ಎತ್ತಿ ಹಿಡಿದ 1997ರ ಡೆಲ್ಗಮೂಕ್ ತೀರ್ಪು ತಂದವರಲ್ಲಿ ವಂಶಪಾರಂಪರ್ಯದ ಆ ಮುಖಂಡರೂ ಇದ್ದರು. ಹಾಗಿರುವಾಗ ಒಬ್ಬರ ಸಹಿ ತೋರಿಸಿ ಇನ್ನೊಬ್ಬರ ಬಾಯಿ ಮುಚ್ಚಿಸೋದು ನಡೆಯಲ್ಲ, ಅಲ್ವಾ?

ಮೂಲನಿವಾಸಿಗಳಿಗೆ ಪಾಲು ಕೊಳ್ಳಲು ನಿಮ್ಮ ಸರ್ಕಾರ 1,000 ಕೋಟಿ ಡಾಲರ್ ತನಕ ಸಾಲದ ಖಾತರಿ ಇಟ್ಟಿದೆ. ಒಳ್ಳೆಯದು. ಆ ದುಡ್ಡು ಯೋಜನೆಯ ನಕ್ಷೆ ಬರೆಯುವ ಹೊತ್ತಿಗೇ ಅವರ ಕೈಗೆ ಸಿಗಲಿ, ಎಲ್ಲ ಮುಗಿದ ಮೇಲೆ ಅಲ್ಲ. ಮುಂದಿನ ಸಲ ರಫ್ತಿನ ಬಗ್ಗೆ ಭಾಷಣ ಮಾಡುವಾಗ ಯಾವ ಸಮುದಾಯ ಒಪ್ಪಿದೆ, ಎಷ್ಟು ಪಾಲಿದೆ, ಯಾರು ಒಪ್ಪಿಲ್ಲ, ಇಷ್ಟನ್ನೂ ಹೇಳಿ. ಒಪ್ಪದವರ ಊರಿಗೂ ಒಮ್ಮೆ ಹೋಗಿ ಬನ್ನಿ.

ಇಂತಿ,
ಬ್ರಿಟಿಷ್ ಕೊಲಂಬಿಯಾದ ಒಬ್ಬ ಮತದಾರ