ಮಡಿಕೇರಿ ಹಳೇ ಪೇಟೆಯಲ್ಲಿ ಸೈಕಲ್ ಬಾಡಿಗೆ ಮಳಿಗೆ: ಪೌರಾಯುಕ್ತರಿಗೆ ಬಹಿರಂಗ ಪತ್ರ

ಗೆ,
ಪೌರಾಯುಕ್ತರು,
ನಗರಸಭೆ, ಮಡಿಕೇರಿ.

ಮಾನ್ಯರೇ,

ಕೋಟೆ, ಓಂಕಾರೇಶ್ವರ ದೇವಸ್ಥಾನ, ರಾಜಾಸೀಟ್, ರಾಜರ ಸಮಾಧಿಗಳಿರುವ ಗದ್ದುಗೆ: ಈ ನಾಲ್ಕೂ ಊರೊಳಗೇ ಇವೆ. ಆದರೂ ಪ್ರವಾಸಿಗರು ಒಂದೊಂದಕ್ಕೂ ಕಾರು ತೆಗೆಯುತ್ತಾರೆ, ಮತ್ತೆ ನಿಲ್ಲಿಸಲು ಜಾಗ ಹುಡುಕುತ್ತಾರೆ. ರಜಾದಿನಗಳಲ್ಲಿ ಮಹದೇವಪೇಟೆಯಂಥ ಇಕ್ಕಟ್ಟಿನ ರಸ್ತೆ ಕಟ್ಟಿಕೊಳ್ಳುವುದು ಇದರಿಂದಲೇ. ಅದಕ್ಕಾಗಿ ಹಳೇ ಪೇಟೆಯಲ್ಲಿ ಒಂದು ಸೈಕಲ್ ಬಾಡಿಗೆ ಮಳಿಗೆ ತೆರೆಯಬೇಕೆಂದು ಕೇಳುತ್ತಿದ್ದೇವೆ. ಹೇಗಾದರೂ ಒಂದು ಮಳಿಗೆ ಆದರೆ ಸಾಕು ಎಂದಲ್ಲ. ಬಯಲುಸೀಮೆಯ ನಕ್ಷೆ ತಂದು ಇಲ್ಲಿ ನಿಲ್ಲಿಸಿದರೆ ಅದು ಎರಡು ಮಳೆಗಾಲ ಬಾಳುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಮಳೆ, ಇಳಿಜಾರು ಮತ್ತು ಬ್ರೇಕು.

ಮೈಸೂರಿನ ಸೈಕಲ್ ಬಾಡಿಗೆ ಯೋಜನೆ ಟ್ರಿಣ್ ಟ್ರಿಣ್ 2017ರಲ್ಲಿ 450 ಸೈಕಲ್‌ಗಳೊಂದಿಗೆ ಶುರುವಾಯಿತು. ಒಂದು ನಿಲ್ದಾಣದಲ್ಲಿ ಎತ್ತಿಕೊಂಡು ಇನ್ನೊಂದರಲ್ಲಿ ಬಿಡುವ ಪದ್ಧತಿ ಅದು. ಮಡಿಕೇರಿಯಲ್ಲಿ ಅದನ್ನೇ ಮಾಡಿದರೆ ಬೆಳಿಗ್ಗೆ ಮೇಲಿದ್ದ ಸೈಕಲ್‌ಗಳೆಲ್ಲ ಮಧ್ಯಾಹ್ನದೊಳಗೆ ಕೆಳಗೆ ಸೇರುತ್ತವೆ. ಇಳಿಯಲು ಎಲ್ಲರೂ ಸಿದ್ಧ, ತುಳಿದು ಹತ್ತಲು ಯಾರೂ ಇಲ್ಲ. ಪ್ಯಾರಿಸ್‌ನ ವೆಲಿಬ್ ಯೋಜನೆಗೂ ಇದೇ ತೊಂದರೆ ಬಂದು, ಎತ್ತರದ ನಿಲ್ದಾಣಕ್ಕೆ ಸೈಕಲ್ ಮರಳಿಸಿದವರಿಗೆ 15 ನಿಮಿಷ ಹೆಚ್ಚುವರಿ ಉಚಿತ ಸವಾರಿ ಕೊಡಬೇಕಾಯಿತು. ನಮ್ಮ ಊರಿನ ಗಾತ್ರಕ್ಕೆ ಅಷ್ಟೆಲ್ಲ ಬೇಡ. ಒಂದೇ ಮಳಿಗೆ, ಹನ್ನೆರಡು ಸೈಕಲ್, ತೆಗೆದುಕೊಂಡ ಜಾಗಕ್ಕೇ ವಾಪಸ್. ಹನ್ನೆರಡರಲ್ಲಿ ಹತ್ತು ಹೊರಗೆ ಓಡಲಿ, ಎರಡು ಸದಾ ರಿಪೇರಿ ಬೆಂಚಿನ ಮೇಲಿರಲಿ.

ಜಾಗದ ವಿಷಯದಲ್ಲಿ ಮೊದಲು ಕಾನೂನು. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಇಂಥ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಕೋಟೆ ಬಾಗಿಲಲ್ಲೇ ಮಳಿಗೆ ಇದ್ದರೆ ಚೆನ್ನ ಎಂದು ಅನ್ನಿಸುವುದು ಸಹಜ, ಆದರೆ ಆ ಆಸೆ ಬಿಡಬೇಕು. ಎರಡನೆಯದಾಗಿ, ಯಾವ ಕಾರಣಕ್ಕೂ ಬರೆ (ರಸ್ತೆ ಬದಿಯ ಕಡಿದಾದ ಮಣ್ಣಿನ ದಿಬ್ಬ) ಕಡಿದು ಜಾಗ ಮಾಡಬೇಡಿ. ಬರೆಯ ಬುಡವೂ ಬೇಡ, ತಡೆಗೋಡೆಯ ತಲೆಯೂ ಬೇಡ. 2018ರ ಆಗಸ್ಟಿನ ಭೂಕುಸಿತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫುಟ್‌ಪಾತನ್ನೂ ತಿನ್ನಬೇಡಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ನಡೆಯುವವರಿಗೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಉಳಿಯಬೇಕು. ಹಾಗಾದರೆ ಉಳಿಯುವುದು ರಸ್ತೆ ಪಕ್ಕದ ಪಾರ್ಕಿಂಗ್ ಪಟ್ಟಿ. ಸೈಕಲ್ ಸಾಲಿಗೆ 5 ಮೀಟರ್, ಪಕ್ಕದ ಕೋಣೆಗೆ 2.4 ಮೀಟರ್, ಆಳ 2 ಮೀಟರ್. ಒಟ್ಟಿನಲ್ಲಿ ಒಂದೂವರೆ ಕಾರಿನ ಜಾಗ.

ಈಗ ಇಳಿಜಾರು. 12ಕ್ಕೆ 1ರಂತೆ ಇಳಿಯುವ ರಸ್ತೆಯಲ್ಲಿ 5 ಮೀಟರ್ ಸಾಲಿನ ಎರಡು ತುದಿಗಳ ನಡುವೆ ಸುಮಾರು 42 ಸೆಂ.ಮೀ. ಎತ್ತರದ ವ್ಯತ್ಯಾಸ ಬರುತ್ತದೆ. ಸೈಕಲ್‌ಗಳನ್ನು ಇಳಿಜಾರಿನ ದಿಕ್ಕಿಗೇ ನಿಲ್ಲಿಸಿದರೆ ಉರುಳುತ್ತವೆ. ರಸ್ತೆಗೆ ಅಡ್ಡಲಾಗಿ ನಿಲ್ಲಿಸಿದರೆ ಉರುಳುವುದಿಲ್ಲ, ಆದರೆ ಕೆಳಗಿನ ಬದಿಗೆ ವಾಲುತ್ತವೆ. ಮುಂಚಕ್ರವನ್ನಷ್ಟೇ ಹಿಡಿಯುವ ಅಗ್ಗದ ಸ್ಟ್ಯಾಂಡು ಇಲ್ಲಿ ಹಾನಿ ಮಾಡುತ್ತದೆ: ವಾಲಿದ ಸೈಕಲ್ಲಿನ ಭಾರವೆಲ್ಲ ರಿಮ್ಮಿನ ಮೇಲೆ ಬಿದ್ದು ಚಕ್ರ ಸೊಟ್ಟಗಾಗುತ್ತದೆ. ಅಡ್ಡಲಾಗಿಯೇ ನಿಲ್ಲಿಸಿ, ಚೌಕಟ್ಟಿಗೆ ಆಸರೆ ಕೊಡುವ ತಲೆಕೆಳಗಾದ 'ಯು' ಆಕಾರದ ಪೈಪ್ ಸ್ಟ್ಯಾಂಡ್ ಹಾಕಿ. ಪೈಪಿನ ವ್ಯಾಸ 50 ಮಿ.ಮೀ., ಎತ್ತರ 75 ಸೆಂ.ಮೀ., ಒಂದರಿಂದ ಇನ್ನೊಂದಕ್ಕೆ 1 ಮೀಟರ್. ಐದು ಸ್ಟ್ಯಾಂಡಿಗೆ ಹತ್ತು ಸೈಕಲ್. ಪ್ರತಿ ಸ್ಟ್ಯಾಂಡನ್ನೂ ರಸ್ತೆಯ ಓರೆಗಲ್ಲ, ತೂಗುಗುಂಡು ಬಿಟ್ಟು ನೆಟ್ಟಗೆ ನಿಲ್ಲಿಸಬೇಕು. ಕೋಣೆಯ ತಳಕ್ಕೆ ಅಡಿಪಾಯ ತೋಡುವುದು ಬೇಡ. ಕಬ್ಬಿಣದ ಚೌಕಟ್ಟು, ನಾಲ್ಕು ಮೂಲೆಗೆ ತಿರುಗಿಸಿ ಎತ್ತರ ಹೊಂದಿಸುವ ಸ್ಕ್ರೂ ಜ್ಯಾಕ್, ಅದರಡಿ ಕಾಂಕ್ರೀಟ್ ಚಪ್ಪಡಿ ಸಾಕು.

ಹೀಗೆ ಕಳಚುವಂತೆ ಮಾಡಲು ಇನ್ನೂ ದೊಡ್ಡ ಕಾರಣವಿದೆ. ನವರಾತ್ರಿಯ ಮೊದಲ ದಿನ ಪಂಪಿನಕೆರೆಯಿಂದ ನಾಲ್ಕು ಶಕ್ತಿದೇವತೆಗಳ ಕರಗ ಹೊರಡುತ್ತದೆ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಅಲಂಕೃತ ದಶಮಂಟಪಗಳು ಇದೇ ಬೀದಿಗಳಲ್ಲಿ ಸಾಗುತ್ತವೆ. ಆ ಜನಸಾಗರದ ನಡುವೆ ಒಂದು ಮಳಿಗೆ ನಿಂತಿರುವುದು ಅಪಾಯ, ಮಂಟಪಗಳಿಗೂ ಅಡ್ಡಿ. ಆದ್ದರಿಂದ ವೆಲ್ಡಿಂಗ್ ಜೋಡಣೆ ಬೇಡ, 12 ಮಿ.ಮೀ. ಬೋಲ್ಟ್ ಜೋಡಣೆ ಇರಲಿ. ಯಾವ ತುಂಡೂ ಇಬ್ಬರು ಎತ್ತಲಾರದಷ್ಟು ಭಾರವಿರಬಾರದು. ನಾಲ್ಕು ಜನ ಅರ್ಧ ದಿನದಲ್ಲಿ ಬಿಚ್ಚಿ ಲಾರಿಗೆ ಹಾಕುವಂತಿರಬೇಕು. ಸ್ಟ್ಯಾಂಡಿನ ಕಾಲುಗಳು ನೆಲದೊಳಗಿನ ತೋಳಿನಂಥ ಪೈಪಿಗೆ ಇಳಿದು ಪಿನ್ನಿನಿಂದ ಭದ್ರವಾಗಲಿ. ಬಿಚ್ಚಿದ ಮೇಲೆ ಆ ತೂತುಗಳಿಗೆ ನೆಲಮಟ್ಟದ ಮುಚ್ಚಳ ಬೇಕೇ ಬೇಕು. ಕರಗ ಹೊತ್ತವರು ಬರಿಗಾಲಲ್ಲಿ ನಡೆಯುವ ದಾರಿ ಅದು.

ಮಾಡು ಹಂಚಿನದ್ದಾದರೆ ಹಳೇ ಪೇಟೆಗೆ ಒಪ್ಪುತ್ತದೆ, ನಮಗೂ ಅದೇ ಇಷ್ಟ. ಆದರೆ ಸುಮಾರು 15 ಚದರ ಮೀಟರ್ ಜಾಗ ಮುಚ್ಚುವ ಮಾಡಿಗೆ ಸುಮಾರು 240 ಮಂಗಳೂರು ಹಂಚು ಬೇಕು, ಅರ್ಧ ಟನ್ನಿಗೂ ಹೆಚ್ಚು ಭಾರ. ವರ್ಷವೂ ಕಳಚಿ ಕೂಡಿಸುವಾಗ ಒಡೆಯುವುದೂ ಇದ್ದದ್ದೇ. ಹಂಚಿನದೇ ಮಂಕು ಕೆಂಪಿನ, 0.5 ಮಿ.ಮೀ. ದಪ್ಪದ ಬಣ್ಣದ ಶೀಟು ಹಾಕಿ, ಹಳೆ ಮನೆಗಳಂತೆ 30 ಡಿಗ್ರಿ ಇಳಿಜಾರು ಕೊಡಿ. ಒಳಗೆ ತೆಳು ಮರದ ಹಲಗೆ ಹೊಡೆದರೆ ಮಳೆಯ ಸದ್ದು ಅಡಗುತ್ತದೆ, ಶೀಟಿನಡಿ ಬೆವರುವ ನೀರು ಸೈಕಲ್ ಮೇಲೆ ತೊಟ್ಟಿಕ್ಕುವುದಿಲ್ಲ. ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುವ ಊರಿದು. ಗಂಟೆಗೆ 50 ಮಿ.ಮೀ. ಬಿದ್ದರೆ ಇಷ್ಟೇ ಮಾಡಿನಿಂದ 750 ಲೀಟರ್ ನೀರು ಇಳಿಯುತ್ತದೆ. ಅದಕ್ಕೆ ಮಾಡಿನಂಚಿಗೆ 15 ಸೆಂ.ಮೀ. ಅಗಲದ ದೋಣಿ, 10 ಸೆಂ.ಮೀ. ಪೈಪು ಹಾಕಿ ನೇರವಾಗಿ ಚರಂಡಿಗೆ ಬಿಡಬೇಕು. ಗಾಳಿ ಮಳೆ ಪಶ್ಚಿಮದಿಂದ ಇರಿಚಲು ಹೊಡೆಯುತ್ತದೆ. ಆ ಬದಿಗೆ ಓರೆಪಟ್ಟಿಗಳ ಗೋಡೆ ಇರಲಿ. ಪೂರ್ತಿ ಮುಚ್ಚಿದರೆ ಒಳಗೆಲ್ಲ ಬೂಷ್ಟು.

ತುಕ್ಕಿನ ಬಗ್ಗೆ ಟೆಂಡರಿನಲ್ಲೇ ಬರೆಯಿರಿ: ಕಬ್ಬಿಣಕ್ಕೆ ಭಾರತೀಯ ಮಾನದಂಡ ಐಎಸ್ 4759ರಂತೆ ಹಾಟ್ ಡಿಪ್ ಗ್ಯಾಲ್ವನೈಸಿಂಗ್ (ಕರಗಿದ ಸತುವಿನಲ್ಲಿ ಅದ್ದಿ ಲೇಪಿಸುವುದು) ಆಗಬೇಕು, ಕತ್ತರಿಸುವುದು, ತೂತು ಕೊರೆಯುವುದು, ವೆಲ್ಡಿಂಗ್ ಎಲ್ಲ ಅದಕ್ಕೆ ಮೊದಲೇ ಮುಗಿದಿರಬೇಕು. ಆಮೇಲೆ ವೆಲ್ಡ್ ಮಾಡಿದರೆ ಅಲ್ಲಿಯ ಸತು ಸುಟ್ಟು, ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಎರಡೂ ತುದಿ ಮುಚ್ಚಿದ ಪೈಪಿಗೆ ಗಾಳಿ ಹೋಗಲು ತೂತಿಲ್ಲದಿದ್ದರೆ ಕರಗಿದ ಸತುವಿನ ತೊಟ್ಟಿಯಲ್ಲಿ ಅದು ಸಿಡಿಯಲೂಬಹುದು.

ಸೈಕಲ್ಲಿನ ಆಯ್ಕೆಯಲ್ಲಿ ನಾವು ರಾಜಿಯಾಗಲಾರೆವು. ನೆನೆದ ಸ್ಟೀಲ್ ರಿಮ್ಮಿನ ಮೇಲೆ ರಬ್ಬರ್ ಬ್ರೇಕ್ ಜಾರುತ್ತದೆ, ಮಡಿಕೇರಿಯ ಇಳಿಜಾರಿನಲ್ಲಿ ಅದು ಪ್ರಾಣಕ್ಕೆ ಕುತ್ತು. ಎರಡೂ ಚಕ್ರಕ್ಕೆ 160 ಮಿ.ಮೀ. ಡಿಸ್ಕ್ ಬ್ರೇಕ್ ಇರಲಿ. ಪ್ರತಿ ಸಲ ಸೈಕಲ್ ಕೊಡುವ ಮುನ್ನ ಲಿವರ್ ಪೂರ್ತಿ ಅದುಮಿದಾಗ ಹ್ಯಾಂಡಲ್‌ಗೂ ಅದಕ್ಕೂ ನಡುವೆ ಎರಡು ಬೆರಳು ಹಿಡಿಯುವಷ್ಟು ಸಂದು ಉಳಿಯಬೇಕು. ಪ್ಯಾಡಿನ ಉಜ್ಜುವ ಭಾಗ 1 ಮಿ.ಮೀ.ಗೆ ಇಳಿದರೆ ಬದಲಿಸಬೇಕು. ಕೆಸರು ಮಳೆಯಲ್ಲಿ ಅದು ಬಹಳ ಬೇಗ ಸವೆಯುತ್ತದೆ. ಹನ್ನೆರಡು ಸೈಕಲ್ಲಿಗೆ ಕನಿಷ್ಠ ಹನ್ನೆರಡು ಜೊತೆ ಪ್ಯಾಡ್, ಎಂಟು ಟ್ಯೂಬ್, ಮೂರು ಚೈನ್ ಮಳಿಗೆಯಲ್ಲಿ ದಾಸ್ತಾನಿರಬೇಕು. ಏರಿಗೆ ಮುಂದೆ 32, ಹಿಂದೆ 34 ಹಲ್ಲಿನವರೆಗೆ ಗೇರ್ ಬೇಕು. ಆರು ಸೈಕಲ್‌ಗೆ 250 ವ್ಯಾಟಿಗಿಂತ ಕಡಿಮೆ ಶಕ್ತಿಯ ಮೋಟಾರ್ ಇದ್ದರೆ ವಯಸ್ಸಾದವರೂ ಬರುತ್ತಾರೆ. ಆ ಶಕ್ತಿಯೊಳಗೆ, ಗಂಟೆಗೆ 25 ಕಿ.ಮೀ. ಮೀರದಂತಿದ್ದರೆ ನೋಂದಣಿಯೂ ಬೇಕಿಲ್ಲ. ಬ್ಯಾಟರಿ ಚಾರ್ಜಿಂಗ್ ಮಾತ್ರ ಜನ ಇರುವಾಗಲೇ ಆಗಬೇಕು, ರಾತ್ರಿ ಬೀಗ ಹಾಕಿ ಹೋದಮೇಲೆ ಅಲ್ಲ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು), ಸರಿಯಾದ ಅರ್ಥಿಂಗ್, ಸಿಡಿಲಿಗೆ ಸರ್ಜ್ ರಕ್ಷಕ ಇಲ್ಲದೆ ಚಾಲೂ ಮಾಡಬೇಡಿ.

ಅಬ್ಬಿ ಜಲಪಾತಕ್ಕೆ ಹೋಗಬಹುದೇ ಎಂದು ಪ್ರತಿಯೊಬ್ಬರೂ ಕೇಳುತ್ತಾರೆ. ಹೋಗುವಾಗ ಇಳಿತ, ಬರುವಾಗ ಏರು, ರಸ್ತೆ ಕಿರಿದು. ಮಳಿಗೆಯವರು ಇಲ್ಲ ಎನ್ನಲೇಬೇಕು. ಕೊನೆಯ ಬಾಡಿಗೆ ಸಂಜೆ 4.30ಕ್ಕೆ, ಮರಳುವುದು 6ರೊಳಗೆ. ಮಂಜು ಕವಿದರೆ ಆ ದಿನ ಅಷ್ಟಕ್ಕೇ ನಿಲ್ಲಿಸಬೇಕು. ಜೂನ್ ಮಧ್ಯದಿಂದ ಕಕ್ಕಡ (ಆಗಸ್ಟ್ ಮಧ್ಯಕ್ಕೆ ಮುಗಿಯುವ ಕೊಡಗಿನ ಮಳೆಗಾಲದ ತಿಂಗಳು) ಕಳೆಯುವವರೆಗೆ ಮಳಿಗೆ ಮುಚ್ಚಿ, ಸೈಕಲ್‌ಗಳನ್ನು ಬಿಚ್ಚಿ ಗ್ರೀಸ್ ಹಾಕುವ ಕೆಲಸ ಆಗಲಿ. ಆ ತಿಂಗಳುಗಳಿಗೂ ಮೆಕ್ಯಾನಿಕ್‌ಗೆ ಸಂಬಳ ಸಿಗುವಂತೆ ಕರಾರು ಇರಬೇಕು, ಇಲ್ಲದಿದ್ದರೆ ಒಳ್ಳೆಯ ಕೈ ನಿಲ್ಲುವುದಿಲ್ಲ. ಕರೆಂಟ್ ಹೋದಾಗ ನೆಟ್‌ವರ್ಕೂ ಹೋಗುವ ಊರಲ್ಲಿ ಬರೀ ಆ್ಯಪ್ ನಂಬಬೇಡಿ. ರಶೀದಿ ಪುಸ್ತಕ ಇರಲಿ.

ಇನ್ನೊಂದು ಮಾತು. ನಿರ್ವಹಣೆ ವೆಚ್ಚಕ್ಕೆಂದು ಗುತ್ತಿಗೆದಾರರು ಜಾಹೀರಾತು ಫ್ಲೆಕ್ಸ್ ಕೇಳುತ್ತಾರೆ. ಕೊಡಬೇಡಿ. 60 × 45 ಸೆಂ.ಮೀ.ನ ಒಂದು ಕನ್ನಡ ಫಲಕ ಸಾಕು. ಹಣವನ್ನು ಬೆಳಿಗ್ಗೆ 8ಕ್ಕೆ ಎಷ್ಟು ಸೈಕಲ್ ಓಡುವ ಸ್ಥಿತಿಯಲ್ಲಿವೆ ಎಂಬ ಲೆಕ್ಕದ ಮೇಲೆ ಪಾವತಿಸಿ.

ಟೆಂಡರ್ ಕರೆಯುವ ಮೊದಲು ಒಂದು ಕೆಲಸ ಮಾಡಿಸಿ. ಆಯ್ದ ಜಾಗದಲ್ಲಿ 7.4 × 2 ಮೀಟರ್ ಅಳತೆಗೆ ಸುಣ್ಣದ ಗೆರೆ ಹಾಕಿ, ಸುತ್ತ ಮರಳಿನ ಚೀಲ ಇಟ್ಟು ಒಂದು ವಾರ ಬಿಡಿ. ಆ ವಾರದಲ್ಲಿ ಒಂದು ಶುಕ್ರವಾರದ ಸಂತೆ ಬರಲಿ. ಸರಕಿನ ಗಾಡಿ, ಶಾಲೆ ಮಕ್ಕಳು, ಆಂಬುಲೆನ್ಸ್ ಎಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂದು ಬರೆದಿಡಲು ನಾವು ಸರದಿಯಲ್ಲಿ ನಿಲ್ಲುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಹಳೇ ಪೇಟೆಯ ನಿವಾಸಿಗಳು, ಸೈಕಲ್ ಮೆಕ್ಯಾನಿಕ್‌ಗಳು ಮತ್ತು ಕಟ್ಟಡ ಕೆಲಸ ಬಲ್ಲವರು
ಮಡಿಕೇರಿ