ನಲಿದದ್ದು ಯಾರು ಸ್ವಾಮಿ?

ಸಂಪಾದಕರೇ,

ಶುಕ್ರವಾರ ನಮ್ಮ ಹಾಲ್‌ನಲ್ಲಿ ನಡೆದ 'ಇವ್ಯಾಕ್ಯುಯಿ ದಿನ'ದ ವರದಿ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಭಯಕ್ಕೆ ಇಲ್ಲಿ ಬ್ರಿಟನ್ನಿನ ನಗರಗಳಿಂದ ಹಳ್ಳಿಗಳಿಗೆ ಸಾಗಿಸಿದ ಮಕ್ಕಳ ವೇಷವನ್ನು ಇಂದಿನ ಮಕ್ಕಳಿಗೆ ಹಾಕಿಸುವ ದಿನ ಅದು. ಮಕ್ಕಳೆಲ್ಲ ನಕ್ಕು ನಲಿದರಂತೆ! ನನ್ನ ಒಂಬತ್ತು ವರ್ಷದ ಮಗಳು ಅವತ್ತು ರಾತ್ರಿ ಊಟ ಬೇಡ ಅಂತ ಮುಸುಕು ಹಾಕಿ ಮಲಗಿಬಿಟ್ಟಳು.

ಹಿಂದಿನ ರಾತ್ರಿ ಹನ್ನೊಂದು ಗಂಟೆಗೆ ನಾನು ಶೂ ಡಬ್ಬಿ ಕತ್ತರಿಸಿ, ಆ ಮಕ್ಕಳು ಒಯ್ದಂಥ ಗ್ಯಾಸ್ ಮಾಸ್ಕ್ (ವಿಷಾನಿಲ ತಡೆಯುವ ಮುಖವಾಡ) ಪೆಟ್ಟಿಗೆ ಮಾಡಿದ್ದೆ. ದಾರ ಸಿಗದೆ ಅವರಪ್ಪನ ಪೈಜಾಮದ ಲಾಡಿ ಎಳೆದು ಕಟ್ಟಿದ್ದೆ. ಬೆಳಿಗ್ಗೆ ಬಸ್ಸಿಲ್ಲ, ಮಳೆ ಬೇರೆ, ಅರ್ಧ ದಿನದ ರಜೆಯೂ ಹೋಯಿತು. ಅಲ್ಲಿ ನೋಡಿದರೆ ಮಕ್ಕಳ ಕೊರಳಿಗೆ ಚೀಟಿ ಕಟ್ಟಿ ಗೋಡೆಗೆ ಸಾಲಾಗಿ ನಿಲ್ಲಿಸಿ, ಹಳ್ಳಿಯವರ ವೇಷದ ದೊಡ್ಡವರು ಸಂತೆಯಲ್ಲಿ ಹೋರಿ ನೋಡಿದ ಹಾಗೆ 'ಇವನು ಗಟ್ಟಿ ಇದ್ದಾನೆ, ನನಗಿರಲಿ' ಅಂತ ಆರಿಸುತ್ತಿದ್ದರು. ಕೊನೆಗೆ ಉಳಿದವಳು ನನ್ನ ಮಗಳೊಬ್ಬಳೇ. ಆ ಡಬ್ಬಿಯ ಮೂಲೆಯನ್ನು ಉಗುರಲ್ಲಿ ಕೆರೆಯುತ್ತಾ ನಿಂತಿದ್ದಳು.

1939ರ ಸೆಪ್ಟೆಂಬರ್ 1ರಿಂದ ಮೂರೇ ದಿನದಲ್ಲಿ ಸುಮಾರು 15 ಲಕ್ಷ ಜನರನ್ನು ಊರು ಬಿಡಿಸಿದ್ದು, ಮಕ್ಕಳನ್ನು ಹೀಗೇ ಆರಿಸಿದ್ದು ನನಗೂ ಗೊತ್ತು. ಅದರಲ್ಲಿ ನಲಿಯೋದು ಏನಿದೆ? ನಮ್ಮ ಬೀದಿ ಮೂಲೆಮನೆಯ ಅಜ್ಜಿ ಐದು ವರ್ಷದವರಿದ್ದಾಗ ಲಂಡನ್ನಿಂದ ಸಾಮರ್ಸೆಟ್‌ನ ಒಂದು ರೈತರ ಮನೆಗೆ ಹೋದವರು. ಹೊಸ ವಿಳಾಸ ಬರೆದು ಅಮ್ಮನಿಗೆ ಹಾಕು ಅಂತ ಕೈಗೊಂದು ಕಾರ್ಡ್ ಕೊಟ್ಟಿದ್ದರಂತೆ, ಆ ವಯಸ್ಸಿಗೆ ಬರೆಯೋದು ಎಲ್ಲಿಂದ ಬರಬೇಕು? ಭಯಕ್ಕೆ ಹಾಸಿಗೆ ಒದ್ದೆ ಮಾಡಿಕೊಂಡರೆ ಮನೆಯಾಕೆ ಆ ಹಾಸುಬಟ್ಟೆಯನ್ನು ಬೀದಿಗೆ ಕಾಣೋ ಹಾಗೆ ಬೇಲಿ ಮೇಲೆ ಒಣಗಿಸುತ್ತಿದ್ದರಂತೆ. (ಅದೇ ಮನೆಯಾಕೆ ಆಮೇಲೆ ಮಡಿಲಲ್ಲಿ ಕೂರಿಸಿಕೊಂಡು ಹೆಣಿಗೆ ಕಲಿಸಿದರು, ಅದು ಬೇರೆ ಮಾತು.) ಒಂದು ಮಗುವನ್ನು ಇಟ್ಟುಕೊಂಡ ಮನೆಯವರಿಗೆ ಸರಕಾರ ವಾರಕ್ಕೆ 10 ಶಿಲಿಂಗ್ 6 ಪೆನ್ಸ್ ಕೊಡುತ್ತಿತ್ತು, ಒಂದಕ್ಕಿಂತ ಜಾಸ್ತಿ ಇದ್ದರೆ ತಲೆಗೆ 8 ಶಿಲಿಂಗ್ 6 ಪೆನ್ಸ್. ಅಣ್ಣತಮ್ಮಂದಿರು ಬೇರೆ ಬೇರೆ ಮನೆ ಪಾಲಾದರೂ ಕೇಳೋರಿಲ್ಲ. ಬಾಂಬ್ ಬೀಳಲಿಲ್ಲ ಅಂತ 1940ರ ಜನವರಿಯೊಳಗೆ ಅರ್ಧದಷ್ಟು ಮಕ್ಕಳು ವಾಪಸ್ ಬಂದೂ ಬಿಟ್ಟರು.

ಅಧಿಕಾರಿಗಳು ಅಂದೂ ಹಾಗೇ, ಇಂದೂ ಹಾಗೇ. ತಾಯಿ ಕೂಸು ಬರುತ್ತಾರೆ ಅಂತ ಕಾದ ಊರಿಗೆ ಅವತ್ತು ಶಾಲೆ ಮಕ್ಕಳ ರೈಲು ಕಳಿಸಿದರು. ಇವತ್ತಿನವರು ಅದೇ ಹಾಲ್‌ನ ಹೀಟರ್ ಎರಡು ವರ್ಷದಿಂದ ರಿಪೇರಿ ಮಾಡಿಸಿಲ್ಲ, ಯುಗಾದಿಗೆ ನಾವು ಕೋಟು ಹಾಕಿಕೊಂಡು ಬೇವುಬೆಲ್ಲ ತಿಂದದ್ದು ಎಲ್ಲರಿಗೂ ಗೊತ್ತು. ಪಾರ್ಕಿಂಗ್ ದಂಡದ ಚೀಟಿ ಮಾತ್ರ ಐದು ನಿಮಿಷಕ್ಕೆ ಗಾಜಿನ ಮೇಲೆ!

ಈ ದಿನವನ್ನೇ ಕೈಬಿಡಲಿ. ಇಲ್ಲವೇ ಮಾಡುವುದಾದರೆ ನೆಟ್ಟಗೆ ಮಾಡಲಿ, ಆ ಅಜ್ಜಿಯನ್ನು ಕರೆದು ಕೂರಿಸಲಿ, ಹೀಟರೂ ಹಾಕಿಸಲಿ. ನಿಮ್ಮ ವರದಿಗಾರರು ಮುಂದಿನ ಸಲ ಕೇಕ್ ತಿಂದು ಎದ್ದು ಹೋಗುವ ಮೊದಲು ಗೋಡೆ ಕಡೆ ಒಮ್ಮೆ ತಿರುಗಿ ನೋಡಲಿ.

– ನೊಂದ ತಾಯಿ